ತಲೆಚೀಟಿಗೆ ಬಿದ್ದ ಕತ್ತರಿ

ಏನು ಕಂಡರೂ ಕತ್ತರಿಸಿ ಚಿಕ್ಕದು ಮಾಡುವ ಅವನನ್ನು ಕಚೇರಿಯಲ್ಲಿ ಎಲ್ಲರೂ ‘ಕತ್ತರಿ’ ಎಂದೇ ಕರೆಯುತ್ತಿದ್ದರು. ದ್ವೀಪದ ಚಿಕಿತ್ಸಾಲಯದ ಎಕ್ಸ್‌ರೇ ಚಿತ್ರಗಳನ್ನು ರೇಡಿಯೋ ಮೂಲಕ ದೊಡ್ಡಾಸ್ಪತ್ರೆಗೆ ಮುಟ್ಟಿಸುವುದು ಆ ಕಚೇರಿಯ ಕೆಲಸ. ಚಿತ್ರವನ್ನು ತುಂಡು ಮಾಡಿ, ತುಂಡುಗಳನ್ನು ಬೇರೆ ಬೇರೆ ಅಳತೆಯಲ್ಲಿ ಬೆರೆಸಿ, ಕಟ್ಟುಗಳನ್ನಾಗಿ ಕಳಿಸುವುದು ರೂಢಿ. ದಾರಿಯಲ್ಲಿ ನಾಲ್ಕು ಕಟ್ಟು ಕಳೆದುಹೋದರೂ ಉಳಿದವುಗಳಿಂದ ಚಿತ್ರ ಬಿಡಿಸಿಕೊಳ್ಳಬಹುದು. ಆದರೆ ಬೆರಕೆಯ ಅಳತೆ ಬರೆದ ತಲೆಚೀಟಿಯೇ ಪ್ರತಿ ಕಟ್ಟಿನ ಕಾಲುಭಾಗ ನುಂಗುತ್ತಿತ್ತು. ಮೂಗಿಗಿಂತ ಮೂಗುತಿ ಭಾರ!

ಕತ್ತರಿ ಉಪಾಯ ಹೂಡಿದ. ಅಳತೆಗಳ ಒಂದೇ ಪಟ್ಟಿ ದ್ವೀಪದಲ್ಲೂ ಕಚೇರಿಯಲ್ಲೂ ಇರಲಿ. ಚೀಟಿಯಲ್ಲಿ ಆ ಪಟ್ಟಿಯ ಎಷ್ಟನೇ ಸಾಲು ಎಂಬ ಸಂಖ್ಯೆಯಷ್ಟೇ ಸಾಕು. ಆ ಪದ್ಧತಿ ಶುರುವಾದ ದಿನ ನಿರ್ದೇಶಕರು ಅವನ ಬೆನ್ನ ಹಿಂದೆಯೇ ಕುರ್ಚಿ ಹಾಕಿಸಿಕೊಂಡು ಕೂತರು.

ಹತ್ತೂಕಾಲಿಗೆ ದ್ವೀಪದ ನರ್ಸ್ ಫೋನು ಮಾಡಿದಳು.

“ಅಣ್ಣಾ, ಒಬ್ರಿಗೆ ಉಸಿರೇ ಸಿಗ್ತಿಲ್ಲ. ಎದೆ ಚಿತ್ರ ಕಳಿಸ್ತಿದೀನಿ, ಡಾಕ್ಟ್ರಿಗೆ ಬೇಗ ಮುಟ್ಟಿಸಿ!”

“ದೋಣೀಲಿ ಕರ್ಕೊಂಡು ಬರೋಕಾಗಲ್ವಾ ಅಕ್ಕಾ?”

“ದೋಣಿ ನಡೆಸೋರೇ ಇವರು!”

ಕಟ್ಟುಗಳು ದಬದಬನೆ ಬಂದವು. ಪರದೆಯಲ್ಲಿ ಮೂಡಿದ್ದು ಮಾತ್ರ ಕಲಸಿಟ್ಟ ಸಿಮೆಂಟು.

“ಏನ್ರೀ ಇದು, ಎದೆಯೋ ಬೂದಿಗುಂಡಿಯೋ?” ಇನ್ನೊಂದು ಫೋನಿನಲ್ಲಿ ದೊಡ್ಡಾಸ್ಪತ್ರೆಯ ಡಾಕ್ಟರು ಗುಡುಗಿದರು.

ಪಕ್ಕದ ಮೇಜಿನವನು ಎದ್ದು ಬಂದು ತಂತಿ ಅಲ್ಲಾಡಿಸಿದ. ಟೈಪಿಸ್ಟ್ ಪರದೆ ಒರೆಸಿದಳು. “ಇನ್ನೊಂದ್ಸಲ ತರಿಸಿ,” ಎಂದರು ನಿರ್ದೇಶಕರು. ಇನ್ನೊಂದು ಸಲವೂ ಸಿಮೆಂಟೇ ಬಂತು.

“ಅಣ್ಣಾ, ತುಟಿ ನೀಲಿ ಆಗ್ತಿದೆ!”

ಕತ್ತರಿ ಕುರ್ಚಿ ಮುಂದೆಳೆದುಕೊಂಡ. ಕಚೇರಿಯ ಪಟ್ಟಿ ತೆರೆದು ನೋಡಿದರೆ, ಅವನು ಬರೆದಿಟ್ಟಿದ್ದ ಅಡ್ಡಾದಿಡ್ಡಿ ಸಂಖ್ಯೆಗಳೆಲ್ಲ ಕವಾಯತಿಗೆ ನಿಂತ ಪೊಲೀಸರಂತೆ ಸಾಲುಗಟ್ಟಿದ್ದವು.

“ಇದನ್ನ ಯಾರು ಮುಟ್ಟಿದ್ದು?”

ಹಿರಿಯ ಗುಮಾಸ್ತರು ಹೆಮ್ಮೆಯಿಂದ ಕೈಯೆತ್ತಿದರು. “ನಾನೇ ಕಣಪ್ಪ. ಎಲ್ಲಾ ಹಿಂದುಮುಂದಾಗಿತ್ತು. ಸಾಹೇಬ್ರು ನೋಡ್ತಾರೆ, ನಿನ್ನ ಮಾನ ಹೋಗ್ಬಾರ್ದು ಅಂತ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿಟ್ಟೆ.”

ದ್ವೀಪದ ಪಟ್ಟಿ ಹಳೆಯ ಸಾಲಿನಲ್ಲೇ ಇತ್ತು; ಸಂಖ್ಯೆ ತಾಳೆಯಾಗುವುದಾದರೂ ಹೇಗೆ? ಬಯ್ಯಲೂ ಪುರಸೊತ್ತಿರಲಿಲ್ಲ. ಕತ್ತರಿ ಮೂಲ ಪ್ರತಿ ಹುಡುಕಿದ. ಅವಸರಕ್ಕೆ ಪಾಸ್‌ವರ್ಡ್ ಎರಡು ಸಲ ತಪ್ಪಿತು. ಮೂರನೆಯ ಸಲಕ್ಕೆ ಪಟ್ಟಿ ಕೂತಿತು. ಸಿಮೆಂಟಿನೊಳಗಿಂದ ಪಕ್ಕೆಲುಬುಗಳು ಒಂದೊಂದಾಗಿ ಎದ್ದು ಬಂದವು.

“ಎಡಗಡೆ ಶ್ವಾಸಕೋಶ ಕುಸಿದಿದೆ, ಸುತ್ತ ಗಾಳಿ ತುಂಬಿದೆ,” ಎಂದವರೇ ಡಾಕ್ಟರು ನರ್ಸಿಗೆ ಸೂಜಿ ಚುಚ್ಚುವ ಜಾಗ ಹೇಳತೊಡಗಿದರು. ಕತ್ತರಿ ಎರಡೂ ಫೋನುಗಳನ್ನು ಒಂದರ ಬಾಯಿಗೆ ಇನ್ನೊಂದರ ಕಿವಿ ಸೇರಿಸಿ ಹಿಡಿದ. ಹತ್ತು ನಿಮಿಷದ ಮೇಲೆ ನರ್ಸಿನ ದನಿ ಬಂತು: “ಉಸಿರಾಡ್ತಿದಾರೆ ಅಣ್ಣಾ! ಆಗಲೇ ದೋಣಿ ಕೀಲಿಕೈ ಕೇಳ್ತಿದಾರೆ!”

ನಿರ್ದೇಶಕರು ಕತ್ತರಿಯ ಬೆನ್ನು ತಟ್ಟಿದರು. “ಭೇಷ್! ಈಗ ಪ್ರತಿ ಕಟ್ಟಲ್ಲೂ ಕಾಲುಭಾಗ ಜಾಗ ಖಾಲಿ ಅನ್ನಿ?”

“ಹೌದು ಸಾರ್.”

“ಖಾಲಿ ಬಿಟ್ರೆ ಚೆನ್ನಾಗಿರಲ್ಲ. ಸಂಸ್ಥೆ ಹೆಸರು, ಲಾಂಛನ, ನನ್ನದೊಂದು ಶುಭಾಶಯ ಹಾಕ್ಬಿಡಿ. ಫೋಟೋನೂ ಇರ್ಲಿ, ಚಿಕ್ಕದು.”

“ಸಾರ್, ಪ್ರತಿ ಕಟ್ಟಿಗೂ...”

“ಪ್ರತಿ ಕಟ್ಟಿಗೂ. ಮಧ್ಯಾಹ್ನದೊಳಗೆ.”

ಸಂಜೆ ಡಾಕ್ಟರ ಫೋನು ಬಂತು; ನಿರ್ದೇಶಕರೇ ಎತ್ತಿಕೊಂಡರು.

“ಒಂದು ಮುರಿದ ಕೈ ಚಿತ್ರಕ್ಕೆ ಮುಕ್ಕಾಲು ಗಂಟೆಯಿಂದ ಕಾಯ್ತಿದೀನಿ. ಬರೀ ನಿಮ್ಮ ಮುಖ ಬರ್ತಿದೆ! ನಿಮ್ಮ ಹಳೇ ಪದ್ಧತೀನೇ ಎಷ್ಟೋ ವಾಸಿ. ಯಾರ್ರೀ ಇದನ್ನ ಬದಲಾಯಿಸಿದ ಮಹಾನುಭಾವ?”

“ಇಲ್ಲೇ ಇದಾನೆ ಡಾಕ್ಟ್ರೇ,” ಎಂದು ನಿರ್ದೇಶಕರು ಫೋನನ್ನು ಕತ್ತರಿಯ ಕೈಗೆ ಕೊಟ್ಟರು.