ನೇರಪ್ಪನ ಕರಕುಶಲ ಯುಗ

ಹೆತ್ತ ಮಕ್ಕಳೇ ತನ್ನ ಜೊತೆ ಮಾತಾಡಲ್ಲ ಅನ್ನೋದು ನೇರಪ್ಪನ ದುಃಖ. ಹೆತ್ತವರು ಅವನಿಗಿಟ್ಟ ಹೆಸರು ಬೇರೆಯೇ. ಫೋಟೋಗಳಿಗೆ ಫ್ರೇಮ್ ಹಾಕೋ ಅಂಗಡಿ ನಡೆಸಿ ನಡೆಸಿ, ಯಾರ ಮನೆಗೆ ಹೋದರೂ ಮೊದಲು ಗೋಡೆ ಮೇಲಿನ ಫೋಟೋ ನೆಟ್ಟಗೆ ಮಾಡಿ ಆಮೇಲೆ "ಚೆನ್ನಾಗಿದ್ದೀರಾ?" ಅಂತ ಕೇಳೋ ಚಾಳಿಗೆ ಹೆಂಡತಿ ಕೊಟ್ಟ ಬಿರುದು ಇದು. (ಸಾವಿನ ಮನೆಗೆ ಹೋದಾಗಲೂ ಸತ್ತವರ ಫೋಟೋನ ಅರ್ಧ ಬೆರಳು ಎಡಕ್ಕೆ ಸರಿಸಿಯೇ ಕೈಮುಗಿದಿದ್ದ.)

ಹದಿನೈದರ ಮಗಳು ಒಂದು ಕಾಲದಲ್ಲಿ ಅಂಗಡಿಯಲ್ಲಿ ಅವನ ಪಕ್ಕ ಕೂತು ವಟವಟ ಅಂತಿದ್ದವಳು, ಈಗ ಏನು ಕೇಳಿದರೂ "ಹೂಂ" ಅಂತಾಳೆ. ಹದಿಮೂರರ ಮಗ ಅಷ್ಟನ್ನೂ ಖರ್ಚು ಮಾಡಲ್ಲ. ಇಬ್ಬರ ತಲೆಯೂ ಮೊಬೈಲೊಳಗೆ. ಒಂದು ಭಾನುವಾರ ನೇರಪ್ಪ ಅಂಗಡಿಯಿಂದ ರಟ್ಟು, ಬಣ್ಣದ ಕಾಗದ, ಗೋಂದು ತಂದು ನಡುಮನೆಯಲ್ಲಿ ಹರಡಿ, "ಇಂದಿನಿಂದ ಈ ಮನೆಯಲ್ಲಿ ಕರಕುಶಲ ಯುಗ ಆರಂಭ!" ಅಂತ ಘೋಷಿಸಿದ.

"ಅಪ್ಪಾ, ನಾವೇನು ಎಲ್‌ಕೆಜಿನಾ?" ಅಂದ ಮಗ.

"ಒಂದೇ ಗಂಟೆ ಕಣೋ. ಏನು ಬೇಕಾದ್ರೂ ಮಾಡಿ. ನಾನು ತುಟಿ ಪಿಟಿಕ್ ಅನ್ನಲ್ಲ."

"ಆಗದ ಮಾತು ಯಾಕ್ರೀ ಆಡ್ತೀರಾ?" ಅಡುಗೆಮನೆಯಿಂದ ಅಶರೀರವಾಣಿಯಾಯಿತು.

ಅಂತೂ ಕೂತರು. ಮಗಳು ರಟ್ಟಿನಲ್ಲಿ ಗೂಬೆ ಮಾಡತೊಡಗಿದಳು. ಮಾಡ್ತಾ ಮಾಡ್ತಾ ಮುಖದ ಗಂಟು ಸಡಿಲವಾಯಿತು. ಒಂದು ಕಣ್ಣು ಹಣೆಗೆ, ಇನ್ನೊಂದು ಕೆನ್ನೆಗೆ ಅಂಟಿಸಿ, "ಅಪ್ಪಾ, ಇದು ಮ್ಯಾತ್ಸ್ ಪೇಪರ್ ನೋಡಿದ ಗೂಬೆ!" ಅಂತ ಬಿದ್ದು ಬಿದ್ದು ನಕ್ಕಳು. ಮಗನೂ ನಕ್ಕ. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ! ನೇರಪ್ಪನ ಹೊಟ್ಟೆ ತಣ್ಣಗಾಯಿತು. ತಣ್ಣಗಾದವನು ತೆಪ್ಪಗಿರಬೇಕೋ ಬೇಡವೋ? ಕೈ ತಾನಾಗೇ ಮುಂದೆ ಹೋಯಿತು. ಕಣ್ಣು ಕಿತ್ತ, ಸ್ಕೇಲ್ ಇಟ್ಟ, ಸಮವಾಗಿ ಅಂಟಿಸಿದ.

"ಈಗ ನೋಡು, ಎಷ್ಟು ಲಕ್ಷಣವಾಗಿದೆ!"

"ಹೂಂ," ಅಂದಳು ಮಗಳು. ಎದ್ದು ಹೋದಳು. ಹಿಂದೆಯೇ ತಮ್ಮನೂ ಹೋದ.

ಮರುವಾರ ಕರೆದರೆ ಯಾರೂ ಬರಲಿಲ್ಲ. "ಈ ಕಾಲದ ಮಕ್ಕಳಿಗೆ ಆಸಕ್ತಿಯೇ ಇಲ್ಲ" ಅಂತ ಮುನಿಸಿಕೊಂಡು ಅಂಗಡಿಗೆ ಹೋದ ನೇರಪ್ಪ ಮಧ್ಯಾಹ್ನ ವಾಪಸ್ ಬಂದರೆ, ಬೀದಿಗೇ ಕೇಳುವಷ್ಟು ನಗು! ಒಳಗೆ ತಾಯಿ ಮಕ್ಕಳು ಅವನ ಹಳೇ ಕಾಲುಚೀಲಗಳನ್ನು ಗೊಂಬೆ ಮಾಡಿ ಕೈಗೆ ತೊಟ್ಟು ಕೂತಿದ್ದರು. ಮಗಳ ಗೊಂಬೆಗೆ ಥೇಟ್ ಅಪ್ಪನ ಥರದ ಕನ್ನಡಕ, ಉಣ್ಣೆಯ ಮೀಸೆ. ಅದು ತಮ್ಮನ ಗೊಂಬೆಯನ್ನು ಗದರಿಸ್ತಿತ್ತು: "ಏಯ್, ನೆಟ್ಟಗೆ ಉಸಿರಾಡೋ! ಓರೆಯಾಗಿ ಬರ್ತಿದೆ!" ಹೆಂಡತಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು.

ಅವನನ್ನು ಕಂಡಿದ್ದೇ ಮೂವರೂ ಗಪ್‌ಚಿಪ್.

ನೇರಪ್ಪ ಚಪ್ಪಲಿ ಬಿಟ್ಟು ನೆಟ್ಟಗೆ ಜೋಡಿಸಿಟ್ಟ. ತಾನಿಲ್ಲದಾಗ ಎಷ್ಟು ಸುಖವಾಗಿದ್ದಾರೆ ಇವರು! ಆದರೂ ನುಂಗಿಕೊಂಡ. "ಪರವಾಗಿಲ್ವೇ, ನನ್ನ ಹಾಗೇ ಇದೆ," ಅಂದ.

ಮಗಳ ಮುಖ ಅರಳಿತು. "ನಿಜವಾಗ್ಲೂ ಬೇಜಾರಿಲ್ವಾ ಅಪ್ಪಾ? ಬಾ, ಕೂತ್ಕೋ. ನಿನ್ನ ಪಾತ್ರ ನೀನೇ ಮಾಡು!" ಅಂತ ಗೊಂಬೆಯನ್ನು ಅವನ ಕೈಗೇ ತೊಡಿಸಿದಳು.

(ಕಥೆ ಇಲ್ಲಿಗೇ ಮುಗಿಸಬಹುದಿತ್ತು. ಆ ಪುಣ್ಯಾತ್ಮ ಬಿಡಬೇಕಲ್ಲ!)

ನೇರಪ್ಪ ಗೊಂಬೆಯನ್ನು ಬೆಳಕಿಗೆ ಹಿಡಿದ. ಎಡಮೀಸೆ ಒಂದು ಎಳೆ ಉದ್ದ. "ಒಂದು ನಿಮಿಷ ಇರಿ," ಅಂತ ಕತ್ತರಿ ತಗೊಂಡ. ಎಡ ಕತ್ತರಿಸಿದರೆ ಬಲ ಉದ್ದ, ಬಲ ಕತ್ತರಿಸಿದರೆ ಎಡ ಉದ್ದ. ಕೊನೆಗೆ ಮೀಸೆಯೇ ಹೆಚ್ಚೇನೂ ಉಳಿಯಲಿಲ್ಲ. ಉಳಿದಿದ್ದು ಮಾತ್ರ ಕೂದಲೆಳೆಯಷ್ಟೂ ಓರೆಯಿರಲಿಲ್ಲ. "ಈಗ ನೋಡು ಮಗಳೇ!" ಅಂತ ಹೆಮ್ಮೆಯಿಂದ ತಲೆಯೆತ್ತಿದ.

ನಡುಮನೆಯಲ್ಲಿ ಯಾರೂ ಇರಲಿಲ್ಲ. ಮಕ್ಕಳ ಕೋಣೆಯಲ್ಲಿ ನಗು ಮತ್ತೆ ಶುರುವಾಗಿತ್ತು. ಹೋಗಿ ಬಾಗಿಲು ತಳ್ಳಿದ. ಒಳಗಿನಿಂದ ಚಿಲಕ ಹಾಕಿತ್ತು.