ಮನೆಮಂದಿಯೆಲ್ಲ ಕೂತರೆ ಮಾತ್ರ

ನಮ್ಮ ಅತ್ತೆಗೆ, ಅಂದರೆ ನನ್ನ ಹೆಂಡತಿಯ ತಾಯಿಗೆ, ಹೆದರದ ಗಂಡಸು ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕಿನಲ್ಲಿ ನಾನೊಬ್ಬನೇ ಎಂದು ಎದೆ ತಟ್ಟಿ ಹೇಳಬಲ್ಲೆ. ಅವರು ಎದುರಿಗಿಲ್ಲದಾಗ!

ವಯಸ್ಸು ಅರವತ್ತು ದಾಟಿದೆ. ಮೊಣಕಾಲು ನೋವು. ಕಂಕುಳಲ್ಲಿ ಬಟ್ಟೆಚೀಲ, ಚೀಲದಲ್ಲಿ ಬೈಬಲ್ಲು. ಯೇಸುವಿನ ಸುವಾರ್ತೆ ಹೇಳುವವರು ನಮ್ಮ ಚರ್ಚಿನ ಸಭೆಯಲ್ಲಿ ಇನ್ನೂ ಹಲವರಿದ್ದಾರೆ. ಅವರೆಲ್ಲ ಸಿಕ್ಕವರಿಗೆ ನಾಲ್ಕು ಮಾತು ಹೇಳಿ ತಮ್ಮ ಪಾಡಿಗೆ ಮನೆಗೆ ಬರುತ್ತಾರೆ. ಅತ್ತೆ ಹಾಗಲ್ಲ. ಒಂದು ಮನೆಗೆ ಹೋದರೆ ಆ ಮನೆಯವರಷ್ಟೂ ಒಟ್ಟಿಗೆ ಕೂರಬೇಕು. ಒಬ್ಬರು ಕಡಿಮೆಯಾದರೂ ಬೈಬಲ್ಲು ಚೀಲದಿಂದ ಹೊರಗೆ ಬರುವುದಿಲ್ಲ!

ಯಾವ ಕಾಲದಲ್ಲಿದ್ದೇವೆ ಸ್ವಾಮಿ? ಕರೆಂಟು ಹೋದಾಗಲೂ ಒಟ್ಟಿಗೆ ಕೂರದ ಜನರನ್ನು ಅತ್ತೆ ಕೂರಿಸಬೇಕು, ಅಲ್ಲಿಯವರೆಗೆ ನಾನು ಸ್ಕೂಟರಿನ ಪಕ್ಕ ನಿಂತು ಕಾಯಬೇಕು. ವಾರಕ್ಕೊಂದೇ ರಜೆ ಇರುವ ಅಳಿಯನ ಗತಿ ಇದು.

ಯಳಂದೂರಿನ ಹತ್ತಿರ ಒಂದು ರೇಷ್ಮೆ ಬೆಳೆಯುವ ಮನೆಯವರು ತಾವೇ ಕರೆದಿದ್ದರು. ನಾವು ಹೋದ ದಿನವೇ ಹುಳ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗಿತ್ತು. ಹಣ್ಣಾದ ಹುಳವನ್ನು ಆಗಿಂದಾಗಲೇ ಆರಿಸಿ ಚಂದ್ರಿಕೆಯ ಬಿದಿರು ತಟ್ಟೆಗೆ ಬಿಡದಿದ್ದರೆ ಗೂಡು ಕೆಡುತ್ತದೆ.

"ಇವತ್ತು ಕೂರಕ್ಕೆ ಪುರುಸೊತ್ತಿಲ್ಲ ಕಣಮ್ಮಾ," ಎಂದಳು ಮನೆಯಾಕೆ.

"ಅದಕ್ಕೇನಂತೆ, ಒಸಿ ಸರ್ಕೊಳ್ಳಿ," ಎಂದು ಅತ್ತೆ ಸೆರಗು ಸಿಕ್ಕಿಸಿ ಕೂತೇಬಿಟ್ಟರು. "ಅಳಿಯಂದ್ರೇ, ನೀವೂ ಬನ್ನಿ!"

ಸಂಜೆಯವರೆಗೂ ಹುಳ ಆರಿಸಿದೆವು. ಕೊನೆಗೆ ಆ ಮನೆಯ ಏಳೂ ಜನ ಕೈ ತೊಳೆದು, ಭಕ್ತಿಯಿಂದ ಸಾಲಾಗಿ ಕೂತು ನೋಡಿದರೆ, ಅತ್ತೆ ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದರು!

ಕೌದಳ್ಳಿಯಲ್ಲಿ ನಡೆದದ್ದು ಮಾತ್ರ ನಗುವ ಸಂಗತಿಯಲ್ಲ.

ಕೌದಳ್ಳಿಯ ಒಂದು ಮನೆಯ ಸೊಸೆ ತನ್ನ ತಾಯಿಯನ್ನು ಕೊಳ್ಳೇಗಾಲದಲ್ಲಿ ಆಸ್ಪತ್ರೆಗೆ ಸೇರಿಸಿದ್ದಳು. ಪಕ್ಕದ ಹಾಸಿಗೆಯವರಿಗಾಗಿ ನಮ್ಮ ಅತ್ತೆ ಪ್ರಾರ್ಥನೆ ಮಾಡುವುದನ್ನು ದಿನವೂ ನೋಡುತ್ತಿದ್ದಳು. ಒಂದು ದಿನ ಅವಳೇ ಬಂದು ಕೇಳಿದಳು: "ಅಮ್ಮಾ, ನಿಮ್ ದೇವ್ರ ಸಮಾಚಾರ ನಂಗೂ ಯೋಳಿ. ಮನೇಲಿ ಗೊತ್ತಾಗದು ಬ್ಯಾಡ. ಒಲದತ್ರ ಬನ್ನಿ, ಅಲ್ಲಿ ಯಾರೂ ಇರಾಕಿಲ್ಲ."

ಬೇರೆಯವರಾಗಿದ್ದರೆ ಓಡಿಹೋಗುತ್ತಿದ್ದರು. ಅತ್ತೆ ತಲೆಯಾಡಿಸಿದರು. "ಕದ್ದು ಯೋಳೋ ಮಾತಲ್ಲ ಕಣವ್ವಾ ಇದು. ನಿಮ್ಮಾವ, ನಿಮ್ಮತ್ತೆ, ಗಂಡ, ಮೈದ, ಎಲ್ಲಾರೂ ಕುಂತ್ಕಂಡ್ರೆ ಯೋಳ್ತೀನಿ. ನಾನೇ ಬಂದು ಕೇಳ್ತೀನಿ."

"ಬೇಡ ಅತ್ತೆ, ಈಗಿನ ಕಾಲ ಸರಿಯಿಲ್ಲ," ಎಂದು ನಾನು ಕೌದಳ್ಳಿಗೆ ಹೊರಟಾಗಿನಿಂದ ಗೋಗರೆದೆ. ಹನೂರು ದಾಟಿದ ಮೇಲೆ ಸುಮ್ಮನಾದೆ. ಅತ್ತೆ ಹಿಂದೆ ಕೂತು ಕೀರ್ತನೆ ಹಾಡುತ್ತಿದ್ದರು!

ಮನೆಯ ಯಜಮಾನರು, ಅಂದರೆ ಆ ಸೊಸೆಯ ಮಾವ, ಅಂಗಳದಲ್ಲಿ ಮಚ್ಚು ಹಿಡಿದು ತೆಂಗಿನಕಾಯಿ ಸುಲಿಯುತ್ತಿದ್ದರು. ಅತ್ತೆ ಕೈಮುಗಿದು ಬಂದ ಕಾರಣವನ್ನು ಇದ್ದದ್ದು ಇದ್ದಂತೆ ಹೇಳಿದರು. ಮಚ್ಚು ಗಾಳಿಯಲ್ಲೇ ನಿಂತಿತು. ಬಾಗಿಲಲ್ಲಿದ್ದ ಸೊಸೆಯ ಮುಖ ಬಿಳಿಚಿಕೊಂಡಿತು. ಅವಳ ಗಂಡ ನೆಲ ನೋಡುತ್ತ ನಿಂತ. ಮೈದುನ ಗೇಟು ಹಾಕಿ, ನನ್ನ ಸ್ಕೂಟರಿನ ಕೀ ಕಿತ್ತುಕೊಂಡು ಫೋನು ಮಾಡಿದ. ಐದು ನಿಮಿಷದಲ್ಲಿ ಆರು ಜನ ಹುಡುಗರು ಬಂದರು. ಒಬ್ಬ ವಿಡಿಯೋ ತೆಗೆಯತೊಡಗಿದ.

"ಜಾತಿ ಕೆಡ್ಸಕ್ಕೆ ಬಂದಿದ್ದೀರಾ? ಪೊಲೀಸ್ನೋರ್ನ ಕರಿಲಾ?" ಎಂದು ಮೈದುನ ಕೂಗಿದ.

ಮನೆಯಲ್ಲಿರುವ ನನ್ನ ಇಬ್ಬರು ಮಕ್ಕಳು ಕಣ್ಣ ಮುಂದೆ ಬಂದರು. ಅತ್ತೆ ಮಾತ್ರ ಅಂಗಳದಲ್ಲಿದ್ದವರನ್ನು ಬೆರಳಲ್ಲಿ ಎಣಿಸುತ್ತಿದ್ದರು! "ಯಜಮಾನ್ತಿ ಒಬ್ರು ಕಾಣ್ನಿಲ್ಲ. ಒಳಗವ್ರಾ?"

ಆ ಉಸಿರುಗಟ್ಟುವ ಹೊತ್ತಿನಲ್ಲೂ ಯಾರೋ ಒಬ್ಬ ಕಿಸಕ್ಕನೆ ನಕ್ಕ. ಯಜಮಾನರು ನಗಲಿಲ್ಲ. ಮಚ್ಚು ಕೆಳಗಿಟ್ಟು ಎದುರಿಗೆ ಬಂದು ನಿಂತರು.

"ಅಲ್ಲಮ್ಮಾ, ಅವ್ಳು ಒಬ್ಳೇ ಕೇಳ್ತೀನಿ ಅಂದ್ಳಂತೆ. ಗುಟ್ಟಾಗಿ ಯೋಳ್ಬುಟ್ಟು ಓಗ್ಬೋದಿತ್ತು. ನಮ್ನೆಲ್ಲಾ ಯಾಕ್ ಕೂರುಸ್ತೀಯಾ?"

ಅತ್ತೆ ಕಂಕುಳಿನ ಚೀಲವನ್ನು ಎದೆಗೆ ಒತ್ತಿಕೊಂಡರು.

"ನಂಗೆ ಅತ್ತೊಂಬತ್ತು ವರ್ಸ ಆಗಿದ್ದಾಗ ನಾನೊಬ್ಳೇ ಕೇಳಿದ್ದೆ ಕಣಪ್ಪಾ, ಮನೇಲಿ ಯಾರ್ಗೂ ಯೋಳ್ದೆ. ಗೊತ್ತಾದ ದಿನ ನಮ್ಮಪ್ಪ ಬಾಗ್ಲಾಕ್ದ. ನಾನ್ ನಂಬಿದ್ದುಕ್ಕೆ ಇವತ್ಗೂ ಬ್ಯಾಸ್ರ ಇಲ್ಲ. ಆದ್ರೆ ನಮ್ಮವ್ವ ಸತ್ತಿದ್ದು ನಂಗೆ ಗೊತ್ತಾಗಿದ್ದು ಮಣ್ಣಾಗಿ ಮೂರ್ ದಿನುಕ್ಕೆ. ಈ ಮಗೀಗೆ ಅಂಗಾಗ್ಬಾರ್ದು. ನೀವೆಲ್ಲಾ ಕೇಳಿ, ಬ್ಯಾಡ ಅನ್ನಿ, ಬೈರಿ. ಇವ್ಳ ಕೈ ಮಾತ್ರ ಬುಡಬ್ಯಾಡಿ."

ವಿಡಿಯೋ ತೆಗೆಯುತ್ತಿದ್ದವನ ಕೈ ಕೆಳಗಿಳಿಯಿತು. ಒಳಗಿಂದ ಯಜಮಾನಿತಿ ಬಂದು ಸೊಸೆಯ ಪಕ್ಕ ನಿಂತರು.

ಯಜಮಾನರು ಸೊಸೆಯ ಕಡೆ ತಿರುಗಿದರು. "ಕೇಳ್ಬೇಕು ಅಂತ ನಿಂಗೆ ಆಸೆ ಅದಾ?" ಅವಳು ಹೂಂ ಅಂದಳು. ಅವರು ಹುಡುಗರಿಗೆ, "ಇದು ನಮ್ಮನೆ ಇಚಾರ, ನೀವು ಓಗ್ರಲಾ," ಎಂದರು. ಕಿರಿಯ ಮಗನ ಕೈಯಿಂದ ಕೀ ತೆಗೆದು ನನಗೆ ಕೊಟ್ಟರು. ಅತ್ತೆಗೆ ಹೇಳಿದರು: "ಇವತ್ತು ಬ್ಯಾಡಮ್ಮಾ. ಮೊದ್ಲು ನಾವ್ ನಾವೇ ಕುಂತು ಮಾತಾಡ್ತೀವಿ. ನಾಳೆ ಕೇಳ್ತೀವೋ ಇಲ್ವೋ ಗೊತ್ತಿಲ್ಲ. ಇವ್ಳುನ್ನ ಮಾತ್ರ ಯಾರೂ ಆಚೆ ಕಳ್ಸಾಕಿಲ್ಲ. ನೀನು ನಿಸೂರಾಗಿ ಓಗು."

ಅಷ್ಟೇ. ಬೈಬಲ್ಲು ಚೀಲದಿಂದ ಹೊರಗೆ ಬರಲೇ ಇಲ್ಲ. ಸೊಸೆ ತಂದುಕೊಟ್ಟ ನೀರು ಕುಡಿದು ಹೊರಟೆವು.

ಹನೂರಿನವರೆಗೆ ಹಿಂದಿನಿಂದ ಕೀರ್ತನೆ ಕೇಳಿಸಲಿಲ್ಲ. ಮದುವೆಯಾಗಿ ಹನ್ನೊಂದು ವರ್ಷವಾಗಿದ್ದರೂ ಅತ್ತೆಯ ತವರು ಯಾವುದೆಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಗಾಡಿ ನಿಲ್ಲಿಸಿ ಕೇಳಿದೆ.

"ಯಳಂದೂರಿಂದ ಆಚ್ಗೆ. ಅಣ್ಣ ಅವ್ನೆ. ಎಲ್ಡು ಸಲ ಊರ ಬಾಗ್ಲುಗಂಟ ಓಗಿದ್ದೆ," ಎಂದರು. "ಒಬ್ಳೇ ಒಳೀಕೋಗಕ್ಕೆ ಕಾಲು ಬರ್ನಿಲ್ಲ."

"ಬರುವ ಭಾನುವಾರ ಹೋಗೋಣ ಅತ್ತೆ," ಎಂದೆ. "ನಾನು, ನಿಮ್ಮ ಮಗಳು, ಮೊಮ್ಮಕ್ಕಳು, ಎಲ್ಲರೂ ಬರುತ್ತೇವೆ. ಅವರು ಬಾಗಿಲು ತೆಗೆಯದಿದ್ದರೆ ಜಗಲಿಯ ಮೇಲೆ ಕೂತು ಬರೋಣ."

ಅಳಿಯನನ್ನು ಮುಟ್ಟಬಾರದೆಂದು ಇಷ್ಟು ವರ್ಷವೂ ಸ್ಕೂಟರಿನ ಹಿಂದಿನ ಕಂಬಿಯನ್ನೇ ಹಿಡಿದು ಕೂರುತ್ತಿದ್ದ ಅತ್ತೆ, ಅಂದು ಕೊಳ್ಳೇಗಾಲ ಬರುವವರೆಗೂ ನನ್ನ ಹೆಗಲು ಹಿಡಿದುಕೊಂಡಿದ್ದರು.