ಜಿರಾಫೆಯ ಮುಂದೆ ನಿಂತ ವರ

ಆ ಬುಧವಾರ ಬೆಳಿಗ್ಗೆ ಸಂಗಮನಾಥನಿಗೆ ಪ್ರಾಮಾಣಿಕನಾಗಬೇಕೆಂಬ ಬುದ್ಧಿ ಬಂದದ್ದೇ ಎಲ್ಲ ಅನರ್ಥಕ್ಕೂ ಮೂಲ. ಅಲ್ಲಿಯವರೆಗೆ ಅವನ ಸಂಸಾರ ಸುಖವಾಗಿಯೇ ಸಾಗಿತ್ತು.

ಅವನು ಕೆಲಸಕ್ಕಿದ್ದ ಸಂಸ್ಥೆ, ಜನ ಒಂದು ಖಂಡ ಬಿಟ್ಟು ಇನ್ನೊಂದು ಖಂಡಕ್ಕೆ ಯಾಕೆ ಹೋಗುತ್ತಾರೆ ಎಂದು ಕಂಡುಹಿಡಿಯಲು ಹೊರಟಿತ್ತು. ಇದಕ್ಕಾಗಿ ಯುರೋಪಿನಲ್ಲಿ ಒಬ್ಬ ಪ್ರೊಫೆಸರು, ಸಂಭಾಜಿನಗರದಲ್ಲಿ ಒಂದು ತಂಪಾದ ಆಫೀಸು, ನಾಶಿಕದ ಬಿಸಿಲಿನಲ್ಲಿ ಮನೆಮನೆ ಅಲೆಯಲು ಸಂಗಮನಾಥ ಮತ್ತು ದತ್ತು. ಹೊಟ್ಟೆಪಾಡಿಗೆ ಹೋಗುತ್ತಾರೆ ಎಂದು ನಾಶಿಕದ ಕಾರ್ಖಾನೆ ಬಡಾವಣೆ ಅಂಬಡ್‌ನ ಯಾವ ಚಹಾದಂಗಡಿಯವನನ್ನು ಕೇಳಿದ್ದರೂ ಹೇಳುತ್ತಿದ್ದ. ಆದರೆ ಚಹಾದಂಗಡಿಯವನು ಹೇಳಿದರೆ ಅದು ಸಂಶೋಧನೆ ಆಗುವುದಿಲ್ಲ.

ಹಾಗಂತ ಈ ಸಂಶೋಧನೆಯಲ್ಲಿ ಚಹಾದಂಗಡಿಯ ಪಾಲೇನೂ ಕಡಿಮೆಯಿರಲಿಲ್ಲ. ಭಾಲ್ಕಿಯ ಸಂಗಮನಾಥ, ಅವನ ದೂರದ ನೆಂಟನಾದ ಸೋಲಾಪುರದ ದತ್ತು, ಇಬ್ಬರೂ ಕಾರ್ಖಾನೆಗಳ ಎದುರಿನ ಬೆಂಚಿನ ಮೇಲೆ ಕೂತೇ ಅರ್ಧ ಸಮೀಕ್ಷೆ ಮುಗಿಸಿದ್ದರು. ಸಂಸ್ಥೆ ಕೊಟ್ಟ ಟ್ಯಾಬಿನಲ್ಲಿ ಯಾರದೋ ಗಂಡನನ್ನು ಕೆನಡಾಕ್ಕೆ ಕಳಿಸುವುದು, ಯಾರದೋ ತಮ್ಮನನ್ನು ಕೀನ್ಯಾದಿಂದ ವಾಪಸು ಕರೆಸುವುದು ಅವರಿಗೆ ಅರ್ಧ ಲೋಟದ ಒಂದು ಕಟಿಂಗ್ ಚಹಾ ಕುಡಿಯುವಷ್ಟರ ಕೆಲಸ.

ಅದರಲ್ಲೂ ದತ್ತು ಕಲಾವಿದ. ನಾಶಿಕದಾಚೆಯ ಸಟಾಣಾ ಊರಿನಲ್ಲಿ ಒಂದು ದಾಳಿಂಬೆ ತೋಟದ ಕುಟುಂಬವನ್ನೇ ಅವನು ಹುಟ್ಟಿಸಿದ್ದ. ಮಗ ಪೋರ್ಚುಗಲ್ಲಿನಲ್ಲಿ ಸ್ಟ್ರಾಬೆರಿ ಕೀಳುತ್ತಾನೆ. ಇಲ್ಲಿ ಅಪ್ಪ, ಮಗ ನೆಟ್ಟುಹೋದ ಒಂದು ದಾಳಿಂಬೆ ಗಿಡವನ್ನು ಯಾರಿಗೂ ಮುಟ್ಟಗೊಡುವುದಿಲ್ಲ. ಅದನ್ನು ಓದಿ ಪ್ರೊಫೆಸರು ಕಣ್ಣೊರೆಸಿಕೊಂಡರಂತೆ. ಆ ಮನೆಯ ಫೋನ್ ನಂಬರೆಂದು ದತ್ತು ತನ್ನ ಎರಡನೆಯ ಸಿಮ್ಮಿನ ನಂಬರು ಹಾಕಿದ್ದ. ಇಂಥ ಧೈರ್ಯಶಾಲಿಗೆ ಜೀವನದಲ್ಲಿ ಇದ್ದ ಚಿಂತೆ ಒಂದೇ, ತಂಗಿಗೆ ಒಳ್ಳೆಯ ಗಂಡು ಸಿಗುತ್ತಿಲ್ಲ ಎಂಬುದು.

ಹೀಗಿರುವಾಗ ಸಂಭಾಜಿನಗರದ ಆಫೀಸಿನ ಮುಖ್ಯಸ್ಥೆ ಮಾಲವಿಕಾ ಮೇಡಂ ಹೇಳಿಕಳಿಸಿದರು. ಇಬ್ಬರಲ್ಲಿ ಒಬ್ಬನನ್ನು ಮೇಲ್ವಿಚಾರಕನನ್ನಾಗಿ ಮಾಡುತ್ತಾರೆ, ಅವನಿಗೆ ಆಫೀಸಿನಲ್ಲಿ ಕುರ್ಚಿ, ಇನ್ನೊಬ್ಬ ಅವನ ಕೈಕೆಳಗೆ. ಬುಧವಾರ ಮೇಡಂ ನಾಶಿಕಕ್ಕೆ ಬಂದು ಇಬ್ಬರದೂ ಒಂದೊಂದು ಮನೆಯನ್ನು ತಾವೇ ಮತ್ತೆ ವಿಚಾರಿಸುತ್ತಾರೆ. ಸಂಗಮನಾಥನಿಗೆ ಆ ಕುರ್ಚಿ ಬೇಕೇಬೇಕಿತ್ತು. ಅವನ ಹೆಂಡತಿ ಭಾಗ್ಯಶ್ರೀ ತವರಿನವರಿಗೆ ಆಗಲೇ ಸುದ್ದಿ ಮುಟ್ಟಿಸಿದ್ದಳು. ಆದರೆ ದತ್ತುವಿನ ಸುಳ್ಳಿನ ಎದುರು ತನ್ನ ಸುಳ್ಳು ನಿಲ್ಲುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಬೇರೆ ದಾರಿ ಕಾಣದೆ ಸತ್ಯದ ಮೊರೆ ಹೋದ.

ಅಂಬಡ್‌ನ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿ ನಿವೃತ್ತರಾಗಿದ್ದ ಬೀದರಿನ ಮನ್ಮಥಪ್ಪನವರ ಮಗ ಪ್ರಜ್ವಲ ಪರದೇಶದಲ್ಲಿದ್ದಾನೆಂದು ಬಸವ ಜಯಂತಿಯ ಊಟದ ಪಂಕ್ತಿಯಲ್ಲಿ ಯಾರೋ ಹೇಳಿದ್ದರು. ಸಂಗಮನಾಥ ಹಣೆಗೆ ವಿಭೂತಿ ಹಚ್ಚಿ, ಇಸ್ತ್ರಿಯ ಅಂಗಿ ತೊಟ್ಟು ಅವರ ಮನೆಯ ಬಾಗಿಲು ಬಡಿದ.

ಇಲ್ಲಿ ಒಂದು ಮಾತು ಹೇಳಬೇಕು. ಬೀದರಿನ ಕಡೆಯ ಮನೆತನಗಳಲ್ಲಿ ಹೆಣ್ಣಿನವರು ಗಂಡಿನ ಮನೆಗೆ ನೇರವಾಗಿ ಬರುವುದಿಲ್ಲ. ಮೊದಲು ಯಾರೋ ಒಬ್ಬ ಏನೋ ನೆಪ ಹೇಳಿಕೊಂಡು ಬಂದು, ನೀರು ಕುಡಿದು, ಮನೆ ನೋಡಿ, ಹುಡುಗನ ವಿಚಾರ ತಿಳಿದುಕೊಂಡು ಹೋಗುತ್ತಾನೆ. ಪ್ರಜ್ವಲನ ತಾಯಿ ಪ್ರೇಮಾಬಾಯಿ ಇಂಥವನೊಬ್ಬನಿಗಾಗಿ ಎರಡು ವರ್ಷದಿಂದ ಬಾಗಿಲ ಕಡೆ ನೋಡುತ್ತ ಕೂತಿದ್ದರು.

ಸಂಗಮನಾಥ ನಿಯಮದಂತೆ ಮೊದಲು ಟ್ಯಾಬು ನೋಡಿ ಓದಿದ. ತಾನೊಂದು ಅಧ್ಯಯನಕ್ಕಾಗಿ ಬಂದಿದ್ದೇನೆ, ನೀವು ಹೇಳಿದ್ದನ್ನೆಲ್ಲ ಗುಟ್ಟಾಗಿ ಇಡುತ್ತೇವೆ, ನಿಮ್ಮ ಹೆಸರು ಹೊರಗೆ ಬರುವುದಿಲ್ಲ. ಪ್ರೇಮಾಬಾಯಿ ಗಂಡನ ಮುಖ ನೋಡಿದರು, ಗಂಡ ಹೆಂಡತಿಯ ಮುಖ ನೋಡಿದರು. ಪ್ರೇಮಾಬಾಯಿ ಒಳಗೆ ಹೋಗಿ ಈರುಳ್ಳಿ ಹೆಚ್ಚತೊಡಗಿದರು. ನಾಶಿಕದಲ್ಲಿ ಸಂಬಂಧ ನೋಡಲು ಬಂದವರಿಗೆ ಪೋಹೆ, ಅಂದರೆ ಈರುಳ್ಳಿ ಹಾಕಿದ ಅವಲಕ್ಕಿ, ಕೊಡುವುದು ರೂಢಿ.

ಇದ್ದಬದ್ದ ಸಂಶಯವನ್ನೂ ಸಂಗಮನಾಥನ ಪ್ರಶ್ನೆಗಳು ತೀರಿಸಿಬಿಟ್ಟವು. ಮನೆ ಸ್ವಂತದ್ದೋ ಬಾಡಿಗೆಯದೋ, ಫ್ರಿಜ್ಜು ಇದೆಯೋ ಇಲ್ಲವೋ, ಮಗ ಅಲ್ಲಿ ಯಾರ ಜೊತೆ ಇರುತ್ತಾನೆ, ಆರೋಗ್ಯ ಹೇಗೆ, ಅಲ್ಲೇ ನೆಲೆಸುತ್ತಾನೋ ವಾಪಸು ಬರುತ್ತಾನೋ. ಖಂಡಾಂತರ ವಲಸೆಯ ಬಗ್ಗೆ ಯುರೋಪಿನ ಪ್ರೊಫೆಸರು ತಲೆ ಕೆಡಿಸಿಕೊಂಡು ಬರೆದ ಪ್ರಶ್ನೆಗಳನ್ನೇ ಬೀದರಿನ ಸೋದರಮಾವಂದಿರು ತಲೆತಲಾಂತರದಿಂದ ಪುಕ್ಕಟೆ ಕೇಳುತ್ತ ಬಂದಿದ್ದಾರೆ.

"ಜರ್ಮನಿದಾಗ ಅದಾನ್ರಿ," ಎಂದರು ಪ್ರೇಮಾಬಾಯಿ. "ಇಂಜಿನಿಯರ್. ಒಬ್ಬನೇ ಇರ್ತಾನ. ಚಹಾ ಸುದ್ದಾ ಮುಟ್ಟಂಗಿಲ್ಲ."

ಗೋಡೆಯ ಮೇಲೆ ಪ್ರಜ್ವಲನ ದೊಡ್ಡ ಫೋಟೋ ಇತ್ತು. ಅವನ ಬೆನ್ನ ಹಿಂದೆ ಒಂದು ಜಿರಾಫೆ, ಜಿರಾಫೆಯ ಹಿಂದೆ ಕಣ್ಣು ಹಾಯುವವರೆಗೂ ಒಣಹುಲ್ಲು. ಅದು ಜರ್ಮನಿಯ ಝೂ ಎಂದು ಮನ್ಮಥಪ್ಪ ವಿವರಿಸಿದರು. ಬೇಲಿಯೇ ಕಾಣುವುದಿಲ್ಲವಲ್ಲ ಎಂದು ಸಂಗಮನಾಥ ಕೇಳಿದ.

"ಅಲ್ಲಿ ಪ್ರಾಣಿಗೋಳೂ ಶಿಸ್ತಿಲೆ ಇರ್ತಾವ್ರಿ," ಎಂದರು ಮನ್ಮಥಪ್ಪ. "ಬೇಲಿ ಬೇಕಾಗಂಗಿಲ್ಲ."

ಪೋಹೆ ಮುಗಿಸಿ ಮೆಟ್ಟಿಲಿಳಿಯುವಾಗ ಎದುರು ಮನೆಯ ವಸಂತಿ ಅವನನ್ನು ಅಡ್ಡಗಟ್ಟಿದರು. ಈರುಳ್ಳಿಯ ವಾಸನೆ ಅವರನ್ನು ಆಗಲೇ ಬಾಗಿಲಿಗೆ ಎಳೆದು ತಂದಿತ್ತು. ಹೆಣ್ಣು ಯಾವ ಊರಿನದು ಎಂದು ವಿಚಾರಿಸಿ, ಅವನ ಉತ್ತರಕ್ಕೂ ಕಾಯದೆ, ಹುಡುಗ ಜರ್ಮನಿಯಲ್ಲಿಲ್ಲ, ಆಫ್ರಿಕಾದ ಟಾಂಜಾನಿಯಾದಲ್ಲಿ ನೀರಿನ ಪಂಪು ರಿಪೇರಿ ಮಾಡುತ್ತಾನೆ, ಆಫ್ರಿಕಾ ಅಂದರೆ ಯಾರೂ ಹೆಣ್ಣು ಕೊಡುವುದಿಲ್ಲವೆಂದು ತಾಯಿ ಜರ್ಮನಿ ಮಾಡಿದ್ದಾಳೆ ಎಂದು ಒಂದೇ ಉಸಿರಿನಲ್ಲಿ ಹೇಳಿದರು.

ಆಗ ಸಂಗಮನಾಥನಿಗೆ ತಾನು ತಿಂದದ್ದು ಯಾವ ಪೋಹೆ ಎಂದು ಗೊತ್ತಾಯಿತು. ತಾನು ಹೆಣ್ಣಿನ ಕಡೆಯವನಲ್ಲ, ಪರದೇಶಕ್ಕೆ ಹೋದವರ ಮಾಹಿತಿ ಬರೆದುಕೊಳ್ಳುವವನು, ಮಧ್ಯಾಹ್ನ ಇನ್ನೊಬ್ಬ ಮೇಡಂ ತಪಾಸಣೆಗೆ ಬರುತ್ತಾರೆ ಎಂದು ವಸಂತಿಗೆ ತಿಳಿಸಿದ. ಮರ್ಯಾದಸ್ಥನಾಗಿದ್ದರೆ ಮೇಲೆ ಹೋಗಿ ಇದನ್ನೇ ಮನೆಯವರಿಗೂ ಹೇಳುತ್ತಿದ್ದ. ಆದರೆ ಆಸೆಯಲ್ಲಿದ್ದವರು ಮೇಡಮ್ಮಿಗೆ ಇನ್ನೂ ಚೆನ್ನಾಗಿ ಉತ್ತರ ಕೊಡುತ್ತಾರೆ ಎಂದು ಲೆಕ್ಕ ಹಾಕಿದ. ಜರ್ಮನಿ ಅಳಿಸಿ ಟಾಂಜಾನಿಯಾ ಎಂದು ತಿದ್ದಿ, ಜೀವನದ ಮೊದಲ ನಿಜವಾದ ಸಮೀಕ್ಷೆಯನ್ನು ಕಳಿಸಿಬಿಟ್ಟ.

ಮಧ್ಯಾಹ್ನ ಮಾಲವಿಕಾ ಮೇಡಂ ಬಂದರು. ಮೈಸೂರಿನವರು, ವಲಸೆಯ ಮೇಲೆ ಡಾಕ್ಟರೇಟ್ ಮಾಡಿದವರು. ಮರುವಿಚಾರಣೆಯಲ್ಲಿ ಮೊದಲು ಕೇಳಿದವನು ಬಾಯಿ ತೆರೆಯಬಾರದೆಂಬ ನಿಯಮವಿದೆ. ಸಂಗಮನಾಥ ಬಾಗಿಲ ಹೊರಗೆ ನಿಂತ.

ಮಗ ಯಾವ ದೇಶದಲ್ಲಿದ್ದಾನೆ ಎಂದು ಮೇಡಂ ಕೇಳಿದರು.

"ದೇಶ ಯಾಕ್ರಿ? ಇಲ್ಲೇ ಸಿನ್ನರದಾಗ ಕೆಲಸ ಮಾಡ್ತಾನ," ಎಂದರು ಪ್ರೇಮಾಬಾಯಿ. "ದಿನಾ ರಾತ್ರಿ ಊಟಕ್ಕ ಮನಿಗೇ ಬರ್ತಾನ."

ಸಂಗಮನಾಥ ಬಾಗಿಲಿನಿಂದ ಕತ್ತು ಒಳಗೆ ಚಾಚಿದ. ಗೋಡೆಯ ಮೇಲಿನ ಜಿರಾಫೆಯನ್ನು ಮೇಡಂ ತೋರಿಸಿದರು. ಅದು ಮೈಸೂರಿನ ಝೂ ಎಂದರು ಮನ್ಮಥಪ್ಪ. ಮೇಡಮ್ಮಿನ ಮುಖ ಅರಳಿತು. ಚಿಕ್ಕವರಿದ್ದಾಗ ತಾವೂ ಅದೇ ಜಾಗದಲ್ಲಿ ನಿಂತು ಫೋಟೋ ತೆಗೆಸಿಕೊಂಡಿದ್ದಾಗಿ ಹೇಳಿದರು. ಡಾಕ್ಟರೇಟ್ ಸುಮ್ಮನೆ ಬರುವುದಿಲ್ಲ.

ಬೆಳಿಗ್ಗೆ ಯಾರಾದರೂ ಬಂದಿದ್ದರೇ ಎಂದು ಕೇಳಿದ್ದಕ್ಕೆ ಯಾರೂ ಬಂದಿಲ್ಲವೆಂದರು. ಸಂಗಮನಾಥ ನಿಯಮ ಮರೆತು, "ನನಗ ಪೋಹೆ ಕೊಟ್ಟಿದ್ರಲ್ರೀ," ಎಂದ. ಪ್ರೇಮಾಬಾಯಿ ಅವನನ್ನು ನೋಡಿ ಕಣ್ಣು ಮಿಟುಕಿಸಿ, ಈ ಮನುಷ್ಯನನ್ನು ಎಂದೂ ಕಂಡಿಲ್ಲವೆಂದರು.

ಸಟಾಣಾ ದೂರ, ಆದ್ದರಿಂದ ದತ್ತುವಿನ ಮನೆಯನ್ನು ಮೇಡಂ ಕೆಳಗೆ ಕಾರಿನ ಪಕ್ಕ ನಿಂತು ಫೋನಿನಲ್ಲೇ ವಿಚಾರಿಸಿದರು. ಚಹಾದಂಗಡಿಯಲ್ಲಿ ಕೂತಿದ್ದ ದತ್ತು ಎರಡನೆಯ ಸಿಮ್ಮಿನಿಂದ ಮುದುಕನ ದನಿಯಲ್ಲಿ ಮಾತಾಡಿದ. ಹಿಂದೆ ಕೇಳುವ ಗದ್ದಲ ದಾಳಿಂಬೆ ತುಂಬಲು ಬಂದ ಟೆಂಪೋದ್ದು ಎಂದ. ಮಗನ ಗಿಡದ ಮಾತು ಬಂದಾಗ, ದಿನಾ ಸಂಜೆ ಅದರ ಜೊತೆ ಮಾತಾಡುತ್ತೇನೆ ಎಂದ. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಸಂಗಮನಾಥ್, ಕತೆ ಕಟ್ಟೋದು ಸುಲಭ," ಎಂದರು. "ಜನರ ಮನೇಲಿ ಕೂತು ಕೇಳೋದು ಕಷ್ಟ. ದತ್ತು ಅವರನ್ನ ನೋಡಿ ಕಲೀರಿ."

ಮೇಲ್ವಿಚಾರಕ ದತ್ತುವೇ ಎಂದಾಯಿತು. ಭಾನುವಾರ ಯುರೋಪಿನಿಂದ ಪ್ರೊಫೆಸರು ಬಂದು ಆ ದಾಳಿಂಬೆ ಗಿಡವನ್ನು ಕಣ್ಣಾರೆ ನೋಡುತ್ತಾರೆಂದೂ ಹೇಳಿ ಮೇಡಂ ಸಂಭಾಜಿನಗರದ ದಾರಿ ಹಿಡಿದರು. ಕಾರು ತಿರುವು ದಾಟುವಷ್ಟರಲ್ಲಿ ದತ್ತುವಿನ ಫೋನು ಬಂತು.

"ಇನ್ನ ಮ್ಯಾಲ ನಾನು ನಿನ್ನ ಸಾಹೇಬ," ಎಂದ. "ತೋಟ ನಾ ನೋಡ್ಕೋತೀನಿ. ಅಪ್ಪ, ಅವ್ವ, ಪರದೇಶದಾಗಿನ ಮಗ, ಇಷ್ಟು ನೀ ಹೊಂದಸು. ಇಲ್ಲಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ."

ಸಂಗಮನಾಥನಿಗೆ ಅಳು ಬಂತು. ಅಷ್ಟರಲ್ಲಿ ಮನ್ಮಥಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಮೆಟ್ಟಿಲಿಳಿದು ಬಂದರು.

"ಆ ಇನ್ಕಮ್ ಟ್ಯಾಕ್ಸಿನ ಬಾಯಿ ಹೋದ್ರೇನ್ರಿ?" ಎಂದು ಪಿಸುಗುಟ್ಟಿದರು. "ಪರದೇಶದಾಗ ಮಕ್ಕಳಿದ್ದವರ ತಪಾಸಣಾ ಅದ ಅಂತ ವಸಂತಿ ಹೇಳಿದಳು. ನೀವು ಹೆಣ್ಣಿನ ಕಡಿಯವರಲ್ಲ ಅಂತನೂ ಅಂದಳು, ಆಕಿ ಹೊಟ್ಟಿಕಿಚ್ಚು ನಮಗ ಗೊತ್ತಿಲ್ಲೇನ್ರಿ. ನಿಮ್ಮ ಅಳಿಯನ ಗಳಿಕಿ ಉಳಿಸಿವಿ ನೋಡ್ರಿ. ಹೆಣ್ಣು ಯಾವಾಗ ತೋರಸ್ತೀರಿ?"

ಸಂಗಮನಾಥನಿಗೆ ಆ ಮನುಷ್ಯನ ಕುತ್ತಿಗೆ ಹಿಸುಕಬೇಕೆನಿಸಿತು. ಆಮೇಲೆ ಅವರನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದ. ಅಪ್ಪ. ಮೇಲೆ ಅವ್ವ. ಪರದೇಶದಲ್ಲಿ ಮಗ, ಫೋಟೋ ಸಮೇತ.

"ಭಾನುವಾರ ಸಟಾಣಾಕ್ಕ ಬರ್ರಿ," ಎಂದ. "ಹೆಣ್ಣಿನ ಕಡಿ ಹಿರೇರೊಬ್ಬರು ಯುರೋಪಿನಿಂದ ಬರ್ತಾರ. ಮಗ ಎಲ್ಲದಾನ ಅಂತ ಕೇಳಿದ್ರ ಪೋರ್ಚುಗಲ್ ಅನ್ರಿ."

ಮನ್ಮಥಪ್ಪನವರಿಗೆ ಇದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಜಿರಾಫೆಯನ್ನೂ ಅಲ್ಲಿಯದೇ ಅಂದರಾಯಿತು ಎಂದರು. ಆದರೆ ಹೆಣ್ಣು ನೋಡದೆ ಸಟಾಣಾದಿಂದ ಕದಲುವುದಿಲ್ಲವೆಂದು ಮೇಲಿನ ಕಿಟಕಿಯಿಂದ ಪ್ರೇಮಾಬಾಯಿ ಖಡಾಖಂಡಿತವಾಗಿ ತಿಳಿಸಿದರು.

ಅಪ್ಪ ಅವ್ವಂದಿರನ್ನು ಹೊಂದಿಸಿದವನು ಈಗ ಹೆಣ್ಣನ್ನು ಎಲ್ಲಿಂದ ತರುವುದು? ಥಟ್ಟನೆ ದತ್ತುವಿನ ತಂಗಿಯ ನೆನಪಾಯಿತು. ಫೋನು ಹಚ್ಚಿ, ಮನೆಯವರು ಸಿಕ್ಕಿದ್ದಾರೆ, ಜೊತೆಗೆ ನಿನ್ನ ತಂಗಿಗೊಂದು ಸಂಬಂಧವೂ ಬಂದಿದೆ ಎಂದ. ದತ್ತು, ಸಾಹೇಬನ ದನಿ ಬಿಟ್ಟು ಅಣ್ಣನ ದನಿಯಲ್ಲಿ, ಹುಡುಗ ಯಾವ ದೇಶದಲ್ಲಿದ್ದಾನೆ ಎಂದು ಕೇಳಿದ.

ಬೆಳಿಗ್ಗೆ ಬಂದಿದ್ದ ಪ್ರಾಮಾಣಿಕತೆ ಅಷ್ಟೊತ್ತಿಗೆ ಪೂರ್ತಿ ಇಳಿದುಹೋಗಿತ್ತು.

"ಜರ್ಮನಿ," ಎಂದ ಸಂಗಮನಾಥ.

"ಹಂಗಾದ್ರ ಫೋಟೋ ಕಳಸು," ಎಂದ ಹೊಸ ಸಾಹೇಬ.